ಹುಳದ ಮಾತ್ರೆ

ಇವತ್ತು ಸ್ಕೂಲಲ್ಲಿ ಹುಳದ ಮಾತ್ರೆ ಕೊಟ್ರಂತೆ. ಮಗಳು ಬಂದವಳೇ ನಾಲಿಗೆ ಚಾಚಿ ತೋರಿಸಿದಳು. 'ಅಪ್ಪಾ, ಉಗೀಲಿಲ್ಲ, ಜಗಿದು ನುಂಗ್ದೆ!' ಆಲ್ಬೆಂಡಜೋಲ್, 400 ಮಿಲಿಗ್ರಾಂ.

ಹುಳ ಅಂದ್ರೆ ನಮಗೆ ಹೊಟ್ಟೆನೋವು, ರಕ್ತಹೀನತೆ, ಅಷ್ಟೇ. ಚೀನಾದ ಯಾಂಗ್ತ್ಸೆ ಬಯಲಲ್ಲಿ ಇನ್ನೊಂದಿದೆ, ಶಿಸ್ಟೊಸೋಮಾ ಜಪೋನಿಕಮ್. ಬಸವನಹುಳದಿಂದ ನೀರಿಗಿಳಿದು, ಗದ್ದೇಲಿ ನಿಂತವರ ಚರ್ಮ ತೂರಿ ಒಳಗೆ ಹೋಗುತ್ತೆ. ಮೊಟ್ಟೆಗಳು ದೊಡ್ಡಕರುಳಿನ ಗೋಡೆಯಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಉರಿಯೂತ. ಈ ಹುಳದಿಂದ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 1994ರಲ್ಲೇ ಹೇಳಿದ್ದಾರೆ. 'ಬಹುದು' ಅಷ್ಟೇ, ಖಚಿತ ಅಂದಿಲ್ಲ.

ಮೊಣಕಾಲುದ್ದ ಕೆಸರಲ್ಲಿ ನಾಟಿ ಹಾಕ್ತಿದ್ದ ಅಮ್ಮನ ಕಾಲು ನೆನಪಾಯ್ತು. ನಮ್ಮ ಗದ್ದೇಲಿ ಆ ಜಾತಿ ಬಸವನಹುಳ ಇಲ್ಲ, ಪುಣ್ಯ.

ಮಗಳದ್ದು ಇನ್ನೂ ಒಂದೇ ಪ್ರಶ್ನೆ: 'ಹುಳ ಈಗ ಸತ್ತಿರತ್ತಾ?'