ಗಿಂಬಲ್ ತಗೋಬಹುದಿತ್ತಲ್ವಾ?

ಕ್ಯಾಮೆರಾ ಕೂರಿಸಿ ಹಳಿ ಮೇಲೆ ತಳ್ಳಲು ನಾನೇ ಕಟ್ಟಿಕೊಂಡ ಟ್ರಾಲಿ ನೋಡಿದವರೆಲ್ಲ ಕೇಳುವುದು ಇದನ್ನೇ. "ಇಷ್ಟೆಲ್ಲ ಯಾಕೆ ಒದ್ದಾಡ್ತೀರಿ? ಒಂದು ಗಿಂಬಲ್ ತಗೋಬಹುದಿತ್ತಲ್ವಾ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಗಿಂಬಲ್ ಅಂದರೆ ಕ್ಯಾಮೆರಾ ಕೂರಿಸಿ ಕೈಯಲ್ಲಿ ಹಿಡಿಯುವ ಸಾಧನ. ಕ್ಯಾಮೆರಾ ವಾಲದಂತೆ, ತಿರುಗದಂತೆ ಅದು ನೋಡಿಕೊಳ್ಳುತ್ತದೆ. ಅದರ ಮೂರು ಮೋಟಾರುಗಳ ಕೆಲಸ ಅಷ್ಟೇ. ಹೆಜ್ಜೆ ಇಟ್ಟಾಗ ಇಡೀ ಮೈ ಮೇಲೆ ಕೆಳಗೆ ಆಗುತ್ತಲ್ಲ, ಅದನ್ನು ಅದು ತಡೆಯುವುದಿಲ್ಲ. ದೂರದ ಬೆಟ್ಟ ತೆಗೆಯುವಾಗ ಆ ಕುಲುಕು ಕಾಣಿಸುವುದಿಲ್ಲ. ನಡುಮನೆಯಲ್ಲಿ ಕೂತ ಅಜ್ಜಿಯ ಮುಖದ ಹತ್ತಿರಕ್ಕೆ ಮೆಲ್ಲಗೆ ಹೋಗಿ ನೋಡಿ, ಪ್ರತಿ ಹೆಜ್ಜೆಯೂ ಕಾಣುತ್ತದೆ. ನನಗೆ ಬೇಕಾಗಿದ್ದು ಆ ಶಾಟ್.

ಬಾಡಿಗೆ ಟ್ರಾಲಿ ತರಬಹುದಿತ್ತು, ನಿಜ. ಅದರ ಜೊತೆ ಗಾಡಿ ಬರುತ್ತದೆ, ಹುಡುಗರು ಬರುತ್ತಾರೆ, ಅವರಿಗೆ ಊಟ, ದಿನದ ಭತ್ಯೆ. ಕೊಡಬೇಕಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಹಳೇ ಮನೆಯ ಬಾಗಿಲಲ್ಲಿ ಆ ಟ್ರಾಲಿ ತೂರುವುದೇ ಇಲ್ಲ.

ನನ್ನದು ತೂರುತ್ತದೆ. ಒಂದು ಪ್ಲೈವುಡ್ ಹಲಗೆ. ಅದರ ಕೆಳಗೆ ಗುಡಿಸಲ ಮಾಡಿನ ಹಾಗೆ ಕೂರಿಸಿದ, ಎಲ್ ಆಕಾರದ ಕಬ್ಬಿಣದ ಆ್ಯಂಗಲ್ ತುಂಡುಗಳು. ಎರಡೂ ಇಳಿಜಾರಿಗೆ ಸ್ಕೇಟಿಂಗ್ ಚಕ್ರ, ಒಳಗೆ 608 ನಂಬರಿನ ಬೇರಿಂಗ್. ಅದರ ತೂತಿಗೆ ಎಂಟು ಮಿಲಿಮೀಟರ್ ಬೋಲ್ಟ್ ಸರಿಯಾಗಿ ಕೂರುತ್ತದೆ. ಹಳಿಗೆ ಪಿವಿಸಿ ಪೈಪು. ಚಕ್ರಗಳು ಪೈಪನ್ನು ಎರಡೂ ಕಡೆಯಿಂದ ಹಿಡಿಯುವುದರಿಂದ ಟ್ರಾಲಿ ಪಕ್ಕಕ್ಕೆ ಜಾರುವುದಿಲ್ಲ. ಪೈಪಿನ ಜಾಯಿಂಟುಗಳು ಎದುರುಬದುರು ಬರಬಾರದು. ಬಂದರೆ ಎರಡೂ ಕಡೆಯ ಚಕ್ರ ಒಟ್ಟಿಗೆ ಎಗರುತ್ತವೆ, ಫ್ರೇಮು ಕುಣಿಯುತ್ತದೆ.

ಒಮ್ಮೆ ನಮ್ಮ ಕಿರುಚಿತ್ರ ತೋರಿಸಿದ ಮೇಲೆ ಹಿರಿಯರೊಬ್ಬರು ಬೆನ್ನು ತಟ್ಟಿದರು. "ಪಾಪ, ದುಡ್ಡಿಲ್ಲದಿದ್ದರೂ ಏನೋ ಒಂದು ಮಾಡಿದ್ದೀರಪ್ಪ" ಅಂದರು. ಪೈಪಿನ ಜೋಡಣೆಯನ್ನು ಉಜ್ಜಿ ಉಜ್ಜಿ ನಯ ಮಾಡಿದ ಹುಡುಗ ಪಕ್ಕದಲ್ಲೇ ನಿಂತಿದ್ದ. ಅವನ ಮುಖ ಸಣ್ಣದಾಯಿತು. ನನಗೆ ಆ ಕೋಪ ಇನ್ನೂ ಇಳಿದಿಲ್ಲ. 1959ರಲ್ಲಿ ಪ್ಯಾರಿಸ್‌ನಲ್ಲಿ ಛಾಯಾಗ್ರಾಹಕ ರಾವುಲ್ ಕುತಾರ್ ಟ್ರಾಲಿ ಬದಲು ವೀಲ್‌ಚೇರಿನಲ್ಲಿ ಕೂತು ಶೂಟ್ ಮಾಡಿದರು. ನಿರ್ದೇಶಕ ಗೊದಾರ್ ತಳ್ಳಿದರು. ಅವರಿಗೆ ಯಾರೂ ಪಾಪ ಅನ್ನುವುದಿಲ್ಲ. ನಡೆಯುತ್ತಾ ತೆಗೆದರೂ ಕ್ಯಾಮೆರಾ ಅಲುಗದಂತೆ ಮೈಗೆ ಕಟ್ಟಿಕೊಳ್ಳುವ ಸ್ಟೆಡಿಕ್ಯಾಮ್ ಕೂಡ ಗ್ಯಾರೆಟ್ ಬ್ರೌನ್ ಎಂಬ ಕ್ಯಾಮೆರಾಮನ್ ತಮ್ಮ ಕೆಲಸಕ್ಕೆ ಬೇಕು ಅಂತ ತಾವೇ ಕಟ್ಟಿಕೊಂಡದ್ದು.

ಎಷ್ಟು ಖರ್ಚಾಯ್ತು, ಎಷ್ಟು ಉಳೀತು ಅಂತ ಎಲ್ಲರೂ ಕೇಳುತ್ತಾರೆ. ಟ್ರಾಲಿಯನ್ನು ನಿಲ್ಲಿಸುವುದು ಹೇಗೆ ಅಂತ ಒಬ್ಬರಾದರೂ ಕೇಳಬಾರದೇ? ತಳ್ಳಿದರೆ ಯಾವುದಾದರೂ ಓಡುತ್ತದೆ. ಶಾಟ್ ಹಾಳಾಗುವುದು ಹೊರಡುವಾಗ ಮತ್ತು ನಿಲ್ಲುವಾಗ. ಹಗುರ ಟ್ರಾಲಿ ಕೈಯ ಸಣ್ಣ ನಡುಕಕ್ಕೂ ಜಗ್ಗುತ್ತದೆ. ಅದಕ್ಕೇ ನಾವು ಹಲಗೆಯ ಮೇಲೆ ಮರಳಿನ ಚೀಲ ಇಡುತ್ತೇವೆ. ಭಾರ ಜಾಸ್ತಿಯಾದಷ್ಟೂ ಮೆಲ್ಲಗೆ ಹೊರಡುತ್ತದೆ, ಮೆಲ್ಲಗೆ ನಿಲ್ಲುತ್ತದೆ. ರಸಮಟ್ಟ ಇಟ್ಟು ಹಳಿ ನೋಡುವುದು ಕಡ್ಡಾಯ. ಒಂದು ಕಡೆ ತಗ್ಗಿದ್ದರೆ ಟ್ರಾಲಿ ತಾನೇ ಹೊರಟುಬಿಡುತ್ತದೆ.

ತಳ್ಳುವವರು ಕ್ಯಾಮೆರಾ ನೋಡಬಾರದು, ನಟರನ್ನು ನೋಡಬೇಕು. ಅಜ್ಜಿ ಮಾತು ನಿಲ್ಲಿಸಿ ಉಸಿರು ಎಳೆದುಕೊಂಡಾಗ ನಮ್ಮ ಹುಡುಗ ತಳ್ಳುವುದನ್ನು ಬಿಟ್ಟ. ಕೊನೆಯ ಒಂದಡಿ ಟ್ರಾಲಿ ತನ್ನಷ್ಟಕ್ಕೆ ಸಾಗಿ ನಿಂತಿತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಕ್ಯಾಮೆರಾ ಜಾರಿಸುವ ಪುಟ್ಟ ಹಳಿಗೆ, ಅಂದರೆ ಸ್ಲೈಡರಿಗೆ, ಬೇರೆ ಉಪಾಯ ಇದೆ. ಕ್ಯಾಮೆರಾದ ತಟ್ಟೆಯನ್ನು ಕೈಯಿಂದ ಎಳೆಯಬೇಡಿ. ಅದಕ್ಕೊಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಬ್ಯಾಂಡನ್ನು ಎಳೆಯಿರಿ. ಬೆರಳಿನ ಜರ್ಕ್ ರಬ್ಬರಿನಲ್ಲೇ ಮುಗಿಯುತ್ತದೆ. ಇವತ್ತೇ ಮಾಡಿ ನೋಡಿ.