ಮೂರು ಕಿಟಕಿಯ ಮನೆಗಳ ಬೀದಿ

11 ಆಗಸ್ಟ್ 2024, ಭಾನುವಾರ
ವಿಲ್ನಿಯಸ್, ಲಿಥುವೇನಿಯಾ

ನಮ್ಮ ಮನೆಯಿಂದ ನೇರಿಸ್ ನದಿಯ ಕಡೆಗೆ ಹೋಗುವಾಗ ಗುಮ್ಮಟವಿರುವ ಒಂದು ಕಟ್ಟಡ ಸಿಗುತ್ತದೆ. ಈ ಊರಿಗೆ ಬಂದ ಹೊಸತರಲ್ಲಿ ಅದನ್ನು ಮಸೀದಿ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದು ಕೆನೇಸಾ, ಕರಾಯ್ಮ್ ಎಂಬ ಸಣ್ಣ ಸಮುದಾಯದ ಪ್ರಾರ್ಥನಾ ಮಂದಿರ. 1911ರಲ್ಲಿ ಶುರುವಾದ ಕೆಲಸ ಮಹಾಯುದ್ಧದಿಂದ ನಿಂತುಹೋಗಿ, ಮುಗಿದದ್ದು 1923ರಲ್ಲಿ. ಸೋವಿಯತ್ ಆಡಳಿತ 1949ರಲ್ಲಿ ಅದನ್ನು ಮುಚ್ಚಿಸಿತು, ಆ ಆಡಳಿತದ ಕೊನೆಗಾಲದಲ್ಲಿ ಮತ್ತೆ ಅವರ ಕೈಗೆ ಬಂತು. ಹೀಗೆ ನೆರೆಯಲ್ಲೇ ಇದ್ದವರ ಬಗ್ಗೆ ಒಂದಿಷ್ಟು ಓದಿಕೊಂಡು, ಈ ನಾಡಿನಲ್ಲಿ ಅವರ ಮೂಲ ಊರನ್ನೇ ನೋಡಿ ಬರೋಣವೆಂದು ಇವತ್ತು ಮಗಳನ್ನು ಕರೆದುಕೊಂಡು ತ್ರಾಕಾಯ್‌ಗೆ ಹೋಗಿದ್ದೆ.

ಇಲ್ಲಿಂದ ತ್ರಾಕಾಯ್ ಮೂವತ್ತು ಕಿಲೋಮೀಟರಿಗೂ ಕಡಿಮೆ. ರೈಲಿಳಿದು ಕೆರೆಯ ಪಕ್ಕದಲ್ಲಿ ನಡೆಯುತ್ತಾ ಹೋದರೆ ದ್ವೀಪದ ಮೇಲಿನ ಕೆಂಪು ಇಟ್ಟಿಗೆಯ ಕೋಟೆ ಕಾಣುತ್ತದೆ. ಬಂದವರೆಲ್ಲ ಅದರ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನನಗೆ ನೋಡಬೇಕಿದ್ದದ್ದು ಕೋಟೆಗೆ ಹೋಗುವ ದಾರಿಯ ಬೀದಿ. ಮರದ ಮನೆಗಳು, ಎಲ್ಲವೂ ಕಿರಿದಾದ ಬದಿಯನ್ನು ರಸ್ತೆಗೆ ಕೊಟ್ಟು ನಿಂತಿವೆ, ಆ ಬದಿಯಲ್ಲಿ ಸಾಲಾಗಿ ಮೂರು ಕಿಟಕಿ. ಒಂದು ದೇವರಿಗೆ, ಒಂದು ಮನೆಯವರಿಗೆ, ಇನ್ನೊಂದು ವೀತೌತಸ್ ದೊರೆಗೆ ಎಂದು ಇಲ್ಲಿಯವರ ಮಾತು.

ವೀತೌತಸ್ ಲಿಥುವೇನಿಯಾದ ಮಹಾದೊರೆ. 1397-98ರ ಸುಮಾರಿಗೆ ಕ್ರಿಮಿಯಾದಿಂದ ಮುನ್ನೂರೆಂಬತ್ತಕ್ಕೂ ಹೆಚ್ಚು ಕುಟುಂಬಗಳನ್ನು ಕರೆತಂದು ತ್ರಾಕಾಯ್‌ನ ಎರಡು ಕೋಟೆಗಳ ನಡುವೆ ನೆಲೆಗೊಳಿಸಿದ ಎಂದು ಕರಾಯ್ಮರ ಪರಂಪರೆ ಹೇಳುತ್ತದೆ. ಕೋಟೆಯ ಕಾವಲು ಅವರದಾಯಿತು. 1441ರಲ್ಲಿ ಕಾಜಿಮಿರ್ ದೊರೆ ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುವ ಹಕ್ಕನ್ನೂ ಅವರಿಗೆ ಕೊಟ್ಟ. ಕಾವಲಿನ ಕೆಲಸ ಹೋದಮೇಲೂ ಅವರು ಊರು ಬಿಡಲಿಲ್ಲ, ಸೌತೆಕಾಯಿ ಬೆಳೆದರು. ತ್ರಾಕಾಯ್ ಸೌತೆಕಾಯಿ ಈ ಸೀಮೆಯಲ್ಲೆಲ್ಲ ಹೆಸರುವಾಸಿ.

ಧರ್ಮದಲ್ಲಿ ಅವರು ಕರಾಯಿಗಳು. ಹೀಬ್ರೂ ಬೈಬಲ್ಲೊಂದನ್ನೇ ಒಪ್ಪುತ್ತಾರೆ, ಯಹೂದಿ ಪಂಡಿತರ ವ್ಯಾಖ್ಯಾನಗಳ ಗ್ರಂಥವಾದ ತಾಲ್ಮುದ್ ಒಪ್ಪುವುದಿಲ್ಲ. ಮಾತು ಮಾತ್ರ ತುರ್ಕಿಕ್, ಅಂದರೆ ಟರ್ಕಿಯ ಭಾಷೆಯ ಬಳಗದ್ದು, ಅದರಲ್ಲೂ ಕಿಪ್ಚಾಕ್ ಶಾಖೆಯದು. ಅವರು ಯಹೂದಿ ಮೂಲದವರೋ, ಆ ಧರ್ಮ ಹಿಡಿದ ತುರ್ಕರೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಆದರೆ ಒಂದು ಕಾಲದಲ್ಲಿ ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಜೀವವೇ ನಿಂತಿತ್ತು. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಿಲ್ನಿಯಸ್ ಘೆಟ್ಟೋದಲ್ಲಿದ್ದ ವಿದ್ವಾಂಸ ಜೆಲಿಗ್ ಕಲ್ಮನೋವಿಚ್ ಅವರನ್ನು ಕೇಳಿದರು: ಕರಾಯ್ಮರು ಯಾರು? ಯಹೂದಿ ಮೂಲದವರಲ್ಲ ಎಂದು ಅವರು ಬರೆದುಕೊಟ್ಟರು. ಕರಾಯ್ಮರು ಉಳಿದರು. ಇದೇ ತ್ರಾಕಾಯ್‌ನ ಯಹೂದಿಗಳನ್ನು 1941ರ ಸೆಪ್ಟೆಂಬರ್ 30ರಂದು ಊರಾಚೆಯ ಕಾಡಿನಲ್ಲಿ ಕೊಂದರು. ಕಲ್ಮನೋವಿಚ್ 1944ರಲ್ಲಿ ಎಸ್ಟೋನಿಯಾದ ಶಿಬಿರದಲ್ಲಿ ತೀರಿಕೊಂಡರು. ಹಳದಿ ಬಣ್ಣದ ಮರದ ಕೆನೇಸಾದ ಬೇಲಿ ಹಿಡಿದು ನಿಂತಾಗ ನನಗೆ ಅವರದೇ ನೆನಪು. ತಾನು ಉಳಿಯುವುದು ಅನುಮಾನವೆಂದು ಗೊತ್ತಿದ್ದೂ ಇನ್ನೊಬ್ಬರ ಮಕ್ಕಳಿಗಾಗಿ ಕೂತು ಬರೆದ ಆ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಮಧ್ಯಾಹ್ನ ಕಿಬಿನ್ ತಿಂದೆವು. ಅರ್ಧಚಂದ್ರಾಕಾರ, ಅಂಚಿನಲ್ಲಿ ಹಗ್ಗ ಹೊಸೆದ ಹಾಗೆ ಮುರಿಗೆ. ಅಜ್ಜಿ ಕರ್ಜಿಕಾಯಿಯ ಅಂಚನ್ನು ಹೆಬ್ಬೆರಳಿನಲ್ಲಿ ಮಡಚಿ ಮಡಚಿ ಮುಚ್ಚುತ್ತಿದ್ದಳಲ್ಲ, ಥೇಟ್ ಅದೇ. ಆದರೆ ಇದು ಎಣ್ಣೆಯಲ್ಲಿ ಕರಿದದ್ದಲ್ಲ, ಒಲೆಯಲ್ಲಿ ಬೇಯಿಸಿದ್ದು. ಒಳಗೆ ಚಾಕುವಿನಲ್ಲಿ ಕೊಚ್ಚಿದ ಕುರಿಮಾಂಸ, ಈರುಳ್ಳಿ. ಕೈಯಲ್ಲಿ ಹಿಡಿದು ತುದಿ ಕಚ್ಚಿದರೆ ಬಿಸಿ ರಸ ಮೊಣಕೈವರೆಗೆ ಇಳಿಯುತ್ತದೆ. ಮಗಳಿಗೆ ಎಲೆಕೋಸಿನದು ಸಿಕ್ಕಿತು. ಮುರಿಗೆಯ ಅಂಚನ್ನೆಲ್ಲ ಮೊದಲು ಮುರಿದು ತಿಂದಳು, ನಾನು ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ.

ಇಷ್ಟೆಲ್ಲ ಬರೆದರೂ, ನಾನು ಅಲ್ಲಿಗೆ ಹೋದದ್ದು ಅವರ ಮಾತಿಗಾಗಿ. 2021ರ ಜನಗಣತಿಯಲ್ಲಿ ಲಿಥುವೇನಿಯಾದ ಕರಾಯ್ಮರು 192 ಜನ, 2011ರಲ್ಲಿ 241 ಇದ್ದರು. ಅವರಲ್ಲೂ ಭಾಷೆ ಬಲ್ಲವರು ಕೆಲವೇ ಕೆಲವು ಹಿರಿಯರು. ಆದರೂ ಆರುನೂರು ವರ್ಷ ಅದು ಬದುಕಿತಲ್ಲ! ವೀತೌತಸ್ ಕಾಲದಲ್ಲೇ ಇಲ್ಲಿಗೆ ಬಂದ ಮುಸ್ಲಿಂ ತಾತಾರರು ಕರಾಯ್ಮರಿಗಿಂತ ಹೆಚ್ಚು ಮಂದಿ. ಅವರು ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ, ಊರೂರಿಗೆ ಚದುರಿ, ಹೆಚ್ಚುಕಡಿಮೆ ಹದಿನಾರನೆಯ ಶತಮಾನದಲ್ಲೇ ತಮ್ಮ ತುರ್ಕಿಕ್ ಮಾತನ್ನು ಕಳೆದುಕೊಂಡರು. ಕರಾಯ್ಮರು ತಮ್ಮೊಳಗೇ ಕೊಟ್ಟು ತಂದರು, ಬೈಬಲ್ಲನ್ನು ತಮ್ಮ ಭಾಷೆಗೆ ತಿರುಗಿಸಿ ಹೀಬ್ರೂ ಅಕ್ಷರದಲ್ಲಿ ಬರೆದಿಟ್ಟರು. ಮನೆಯಲ್ಲಿ ಆಡುವ ಮಾತಿಗೆ ದೇವರ ಮುಂದೆಯೂ ಜಾಗವಿತ್ತು. ಅದು ಇಷ್ಟು ಕಾಲ ನಿಂತದ್ದು ಅದರಿಂದಲೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆ ಭಾಷೆಯ ಕಟ್ಟಡ ನಮ್ಮ ಕನ್ನಡದವರಿಗೆ ಹೊಸತಲ್ಲ. ಒಬ್ಬ ಕರಾಯ್, ಹಲವರು ಕರಾಯ್‌ಲಾರ್. ಪದದ ಬಾಲಕ್ಕೆ ಪ್ರತ್ಯಯ, ಅದರ ಬಾಲಕ್ಕೆ ಇನ್ನೊಂದು ಪ್ರತ್ಯಯ, ನಮ್ಮ 'ಮನೆಗಳಲ್ಲಿ' ಇದ್ದ ಹಾಗೆ. ತುರ್ಕಿಕ್ ಮಾತುಗಳಲ್ಲಿ ನಮ್ಮಂತೆಯೇ ಕ್ರಿಯಾಪದ ಕೊನೆಗೆ ಬರಬೇಕು. ಆದರೆ ಪೋಲಿಷ್, ರಷ್ಯನ್‌ನಂಥ ಸ್ಲಾವ್ ಮಾತುಗಳ ನಡುವೆ ಶತಮಾನಗಟ್ಟಲೆ ಇದ್ದು ತ್ರಾಕಾಯ್ ಕರಾಯ್ಮ್‌ನಲ್ಲಿ ಕ್ರಿಯಾಪದ ಕರ್ಮಕ್ಕಿಂತ ಮುಂದಕ್ಕೆ ಬಂದುಬಿಟ್ಟಿದೆ. ಪ್ರತ್ಯಯಗಳು ಹಾಗೇ ಇವೆ, ವಾಕ್ಯದ ನಡಿಗೆ ಮಾತ್ರ ನೆರೆಯವರದು.

ಇದನ್ನು ಮೊದಲ ಸಲ ಓದಿದಾಗ ಎದೆ ಧಸಕ್ಕೆಂದಿತ್ತು. ಮಗಳು ಶಾಲೆಯಿಂದ ಬಂದು ಹೇಳುತ್ತಾಳೆ: "ಅಮ್ಮಾ, ನಾನು ನೋಡಿದೆ ಒಂದು ದೊಡ್ಡ ನಾಯಿನ." ವಿಭಕ್ತಿ ಸರಿ, ಕ್ರಿಯಾಪದ ಸರಿ, ಉಚ್ಚಾರವೂ ಸರಿ. ಅವರಿಗೆ ಶತಮಾನಗಳು ಬೇಕಾದವು, ನಮ್ಮ ಮನೆಗೆ ಎರಡೇ ವರ್ಷ. ತಿದ್ದುತ್ತೇನೆ, ಅವಳೂ ತಿದ್ದಿಕೊಂಡು ಹೇಳುತ್ತಾಳೆ, ಮರುದಿನ ಮತ್ತೆ ಹಾಗೇ. ನಾನು ಎಲ್ಲಿ ತಪ್ಪಿದೆ ಎಂದು ರಾತ್ರಿ ಯೋಚಿಸಿದ್ದುಂಟು.

ಮಿಕೋಲಾಸ್ ಫಿರ್ಕೋವಿಚ್ಯುಸ್ ಎಂಬವರು, ವೃತ್ತಿಯಿಂದ ಎಂಜಿನಿಯರ್, ಸಮುದಾಯದ ಮುಂದಾಳು, 1996ರಲ್ಲಿ ಕರಾಯ್ಮ್ ಪಾಠಪುಸ್ತಕ ತಂದರು. ಅದರ ಹೆಸರೇ ಒಂದು ಪೂರ್ತಿ ವಾಕ್ಯ: ಮೆನ್ ಕರಾಯ್ಚೆ ಊರ್ಯಾನ್ಯಾಮ್. ನಾನು ಕರಾಯ್ಮ್ ಕಲಿಯುತ್ತೇನೆ. ಪದಕ್ಕೆ ಪದ ಕೂರುತ್ತದೆ. ಕ್ರಿಯಾಪದ ಕೊನೆಯಲ್ಲೇ ಇದೆ, ಅದರ ತುದಿಯಲ್ಲಿ 'ನಾನು' ಎಂಬ ಗುರುತೂ ಇದೆ, ನಮ್ಮ 'ಏನೆ'ಯ ಹಾಗೆ. ಬರುವಾಗ ರೈಲಿನಲ್ಲಿ ಮಗಳಿಗೆ ಇದನ್ನು ಹೇಳಿಕೊಟ್ಟೆ. ಯಾವ ಪದಕ್ಕೆ ಯಾವ ಪದ ಎಂದು ಬೆರಳು ಮಡಚಿ ತೋರಿಸಿದೆ.

ಸಂಜೆ ಮನೆಗೆ ನಡೆದು ಬರುವಾಗ ನಮ್ಮ ಬೀದಿಯ ಕೆನೇಸಾ ಎದುರಾಯಿತು. ಬಾಗಿಲು ಹಾಕಿತ್ತು. ಅವಳು ಕೈ ಬಿಡಿಸಿಕೊಂಡು ಹೋಗಿ ಗೇಟಿನ ಮುಂದೆ ನಿಂತು, ಮೂರು ಬೆರಳು ಮಡಚಿ, ಮೂರು ಪದ ಹೇಳಿದಳು. ಮೊದಲ ಸಲ ಕೊನೆಯ ಪದ ತೊದಲಿತು. ಎರಡನೆಯ ಸಲ ಸರಿಯಾಗಿ ಬಂತು.