ಬೇಸಿಗೆ ಎಷ್ಟು ಆಳಕ್ಕೆ ಇಳಿಯುತ್ತದೆ?

ರಜೆಯ ಕೊನೆಯ ವಾರವನ್ನು ರಜೆಯ ಲೆಕ್ಕಕ್ಕೆ ಸೇರಿಸಬಾರದು ಎಂಬುದು ನನ್ನ ಬಹುದಿನಗಳ ವಾದ. ಆ ವಾರ ಮನೆಯಲ್ಲಿದ್ದರೂ ಮನೆಯಲ್ಲಿದ್ದಂತಲ್ಲ. ಅಮ್ಮ ಒಗೆದ ಬಟ್ಟೆಗಳನ್ನು ಎರಡು ರಾಶಿ ಮಾಡತೊಡಗುತ್ತಾಳೆ, ಒಂದು ಬೀರುವಿಗೆ, ಇನ್ನೊಂದು ನನ್ನ ಬ್ಯಾಗಿಗೆ. ಅಪ್ಪ ದಿನಕ್ಕೊಮ್ಮೆ "ಫೀಸು ಕಟ್ಟಿದ ರಸೀದಿ ಎಲ್ಲಿಟ್ಟಿದ್ದೀಯ?" ಎಂದು ಕೇಳುತ್ತಾರೆ. ರಜೆಯ ಶುರುವಿನಲ್ಲಿ ಹಿಂದೆಮುಂದೆ ಸುತ್ತುತ್ತಿದ್ದ ತಂಗಿ ಈಗ ಬಾಗಿಲಲ್ಲಿ ನಿಂತು ಬಹಳ ವಿನಯದಿಂದ ವಿಚಾರಿಸುತ್ತಾಳೆ: "ಅಕ್ಕಾ, ನೀನು ಹೊರಡುವುದು ಭಾನುವಾರವೋ ಸೋಮವಾರವೋ?" ಅದು ಅಕ್ಕನ ಮೇಲಿನ ಪ್ರೀತಿಯಲ್ಲ, ಕಿಟಕಿಯ ಪಕ್ಕದ ಮೇಜಿನ ಮೇಲಿನ ಪ್ರೀತಿ. ನಾನು ಹಾಸ್ಟೆಲಿಗೆ ಸೇರಿದಂದಿನಿಂದ ಆ ಮೇಜು ಅವಳದ್ದು. ರಜೆಯಲ್ಲಿ ಮಾತ್ರ ನನಗೆ ಬಿಟ್ಟುಕೊಡುತ್ತಾಳೆ, ಅದೂ ಎಡಗಡೆಯ ಡ್ರಾಯರ್ ಮುಟ್ಟಬಾರದೆಂಬ ಷರತ್ತಿನ ಮೇಲೆ.

ನನ್ನ ಬ್ಯಾಗಿನ ತಳದಲ್ಲಿ ಎರಡು ದಪ್ಪ ಪಠ್ಯಪುಸ್ತಕಗಳಿದ್ದವು. ಹೋಗುವಾಗ ಯಾವ ಭಂಗಿಯಲ್ಲಿದ್ದವೋ ಬರುವಾಗಲೂ ಅದೇ ಭಂಗಿಯಲ್ಲಿದ್ದವು. ಇದರ ಬಗ್ಗೆ ನನಗೆ ಯಾವ ಸಂಕೋಚವೂ ಇಲ್ಲ. ಪುಸ್ತಕ ಮನೆಗೆ ಒಯ್ಯುವುದು ಓದುವುದಕ್ಕಲ್ಲ, "ಓದಲಿಕ್ಕೇನೂ ಇಲ್ಲವಾ?" ಎಂಬ ಪ್ರಶ್ನೆ ಬಾರದಿರಲಿ ಎಂದು.

ಅದಕ್ಕಿಂತ ಕಷ್ಟದ ಪ್ರಶ್ನೆ ಕಾಲೇಜಿಗೆ ಮರಳಿದ ಮೇಲೆ ಎದುರಾಗುತ್ತದೆ: "ರಜೆಯಲ್ಲಿ ಏನು ಮಾಡಿದೆ?" ಒಬ್ಬಳು ಎಲ್ಲೋ ಇಂಟರ್ನ್‌ಶಿಪ್ ಮುಗಿಸಿ ಬಂದಿರುತ್ತಾಳೆ, ಇನ್ನೊಬ್ಬ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರ ತೋರಿಸುತ್ತಾನೆ. ನಾನು ಮಧ್ಯಾಹ್ನ ಮಲಗಿದೆ. ಅಟ್ಟದ ಮೇಲಿನ ಹಳೆಯ ವಾರಪತ್ರಿಕೆಗಳಲ್ಲಿ ಅರ್ಧಕ್ಕೇ ನಿಂತ ಧಾರಾವಾಹಿಗಳನ್ನು ಓದಿದೆ. ಒಂದು ಸಂಜೆ ಅಪ್ಪ ಕಿರುಗುಟ್ಟುತ್ತಿದ್ದ ಟೇಬಲ್ ಫ್ಯಾನ್ ಬಿಚ್ಚಿದರು. ರೆಕ್ಕೆಯ ಮುಂದಿನ ನಟ್ಟು ಎಲ್ಲ ನಟ್ಟುಗಳಂತಲ್ಲ, ಉಲ್ಟಾ ತಿರುಗಿಸಿದರೆ ಮಾತ್ರ ಬಿಡುತ್ತದೆ ಎಂದು ಅಂದೇ ತಿಳಿದದ್ದು. ಮೋಟಾರು ಒಂದು ದಿಕ್ಕಿಗೆ ತಿರುಗುವಾಗ ನಟ್ಟು ತಾನಾಗಿ ಸಡಿಲವಾಗದೆ ಇನ್ನಷ್ಟು ಬಿಗಿಯಾಗಲಿ ಎಂಬುದಕ್ಕೆ ಆ ವ್ಯವಸ್ಥೆ. ಕೋನೀಯ ಆವೇಗದ ಮೇಲೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದ ನನಗೆ ಇದು ಗೊತ್ತಿರಲಿಲ್ಲ ಎಂಬುದು ಅಪ್ಪನಿಗೆ ಬಹಳ ಸಂತೋಷ ಕೊಟ್ಟಿತು. ಇವನ್ನೆಲ್ಲ ಅರ್ಜಿಯ ಯಾವ ಕಲಮಿನಲ್ಲಿ ತುಂಬುವುದು?

ಹಾಸ್ಟೆಲಿಗೆ ಹಿಂತಿರುಗುವವರು ಒಂದು ದಿನ ಮುಂಚೆ ಬರಬೇಕು. ಕ್ಯಾಂಪಸ್ ಖಾಲಿ ಇರುವಾಗ ನೋಡುವುದಕ್ಕೆ ಎಂಬುದು ಕವಿಗಳ ಕಾರಣ. ನನ್ನ ಕಾರಣ ನೀರು. ಎರಡು ತಿಂಗಳು ಮುಚ್ಚಿದ್ದ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಗಾಳಿ. ಪೈಪಿನೊಳಗಿಂದ ಉಸ್ಸೆಂದು ಸದ್ದು. ಆಮೇಲೆ ಕೆಮ್ಮಿದಂತೆ ಎರಡು ಸಲ ಉಗುಳುತ್ತದೆ. ಅದರ ಹಿಂದೆ ತುಕ್ಕು ಬಣ್ಣದ ನೀರು, ತಳದಲ್ಲಿ ಸಣ್ಣ ಸಣ್ಣ ಚಕ್ಕೆಗಳು. ನೀರು ತಿಳಿಯಾಗುವ ಹೊತ್ತಿಗೆ ಬಕೆಟ್ ಹಲವು ಸಲ ತುಂಬಿ ಚೆಲ್ಲಿಯಾಗಿರುತ್ತದೆ. ಎಲ್ಲರೂ ಬಂದ ದಿನವೇ ಬಂದರೆ ಈ ಕೆಲಸ ಸಾಲಿನಲ್ಲಿ ನಿಂತು ಮಾಡಬೇಕು. ಕೊಠಡಿಯಲ್ಲಿ ಸುತ್ತಿಟ್ಟ ಹಾಸಿಗೆ, ನುಸಿಗುಳಿಗೆಯ ವಾಸನೆ, ಟ್ಯೂಬ್‌ಲೈಟಿನ ಹಿಂದೆ ಹಲ್ಲಿಯ ಒಡೆದ ಮೊಟ್ಟೆ. ಸೂಚನಾ ಫಲಕದಲ್ಲಿ ಹಳೆಯ ಸೆಮಿಸ್ಟರಿನ ಪರೀಕ್ಷಾ ಆಸನಪಟ್ಟಿ ಇನ್ನೂ ನೇತಾಡುತ್ತಿತ್ತು. ನನ್ನ ನೋಂದಣಿ ಸಂಖ್ಯೆಯ ಮುಂದೆ ಯಾರೋ ನಕ್ಷತ್ರ ಬರೆದಿದ್ದರು, ಯಾಕೋ ಗೊತ್ತಿಲ್ಲ. ನಾನು ಗೇಟು ದಾಟುವ ಮೊದಲೇ ನನ್ನ ಮೊಬೈಲ್ ಕ್ಯಾಂಪಸ್ಸಿನ ವೈಫೈ ಹಿಡಿದು, ರಜೆಯಿಡೀ ಬಾಕಿ ಇದ್ದ ಅಪ್‌ಡೇಟುಗಳನ್ನೆಲ್ಲ ಇಳಿಸಿಕೊಳ್ಳತೊಡಗಿತ್ತು. ಅದಕ್ಕೆ ಹೊಂದಿಕೊಳ್ಳುವ ಕಷ್ಟವೇ ಇಲ್ಲ.

ನನಗಿತ್ತು, ಮುಖ್ಯವಾಗಿ ನಿದ್ದೆಯದ್ದು. ಬೆಳಿಗ್ಗೆ ಎಂಟಕ್ಕೆ ಲ್ಯಾಬ್ ಇರುವವಳು ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತಿದ್ದರೆ ಅದಕ್ಕೆ ಸೋಮಾರಿತನ ಎಂಬ ಹೆಸರು ಬೇಗ ಬರುತ್ತದೆ. ವಿಜ್ಞಾನ ಇಲ್ಲಿ ವಿದ್ಯಾರ್ಥಿಗಳ ಪರ. ಗಡಿಯಾರವಾಗಲಿ ಹಗಲಿನ ಬೆಳಕಾಗಲಿ ಇಲ್ಲದ ಕಡೆ ಜನರನ್ನಿಟ್ಟು ಅಳೆದಾಗ ಮನುಷ್ಯನ ಒಳಗಡಿಯಾರದ ದಿನ ಸರಾಸರಿ 24 ಗಂಟೆಗಿಂತ ಸ್ವಲ್ಪ ಉದ್ದ, ಸುಮಾರು 24.2 ಗಂಟೆ ಎಂದು 1999ರ ಅಧ್ಯಯನವೊಂದರಲ್ಲಿ ಕಂಡುಬಂತು. ಆದ್ದರಿಂದ ತಡವಾಗಿ ಮಲಗುವುದು ಇಳಿಜಾರಿನ ಹಾದಿ, ಬೇಗ ಮಲಗುವುದು ಏರು. ಸಾಲದ್ದಕ್ಕೆ ನಮ್ಮ ವಯಸ್ಸು. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಕಾರ, ಹದಿಹರೆಯದಲ್ಲಿ ನಿದ್ದೆಯ ಹೊತ್ತು ವರ್ಷ ವರ್ಷವೂ ಮುಂದಕ್ಕೆ ಹೋಗುತ್ತಾ ಇಪ್ಪತ್ತರ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಹಿಂದಕ್ಕೆ ಸರಿಯತೊಡಗುತ್ತದೆ. ಹುಡುಗಿಯರಲ್ಲಿ ಆ ತಿರುವು ಹುಡುಗರಿಗಿಂತ ಸ್ವಲ್ಪ ಬೇಗ. ಅಂದರೆ ಬದುಕಿನಲ್ಲೇ ಅತಿ ತಡವಾಗಿ ನಿದ್ದೆ ಬರುವ ವಯಸ್ಸಿಗೆ ಸರಿಯಾಗಿ ಎಂಟು ಗಂಟೆಯ ಲ್ಯಾಬ್ ಇಟ್ಟಿದ್ದಾರೆ. ಅಪ್ಪನಿಗೆ ಇದನ್ನು ಫೋನಿನಲ್ಲಿ ವಿವರಿಸಿದೆ. "ಸರಿ, ಈಗ ಮೊಬೈಲ್ ಕೆಳಗಿಟ್ಟು ಮಲಗು" ಎಂದರು. ಬೆಳಗಿನ ಬೆಳಕಿಗೆ ಮೈಯೊಡ್ಡುವುದೇ ಇದಕ್ಕೆ ಮದ್ದು ಎಂದು ಓದಿದ್ದೇನೆ. ಬೆಳಗಿನ ಬೆಳಕು ಸಿಗಬೇಕಾದರೆ ಬೆಳಿಗ್ಗೆ ಏಳಬೇಕು, ತೊಡಕು ಅಲ್ಲೇ ಇರುವುದು.

ಮರುದಿನ ರೂಮ್‌ಮೇಟ್ ಬಂದಳು. ರಸಾಯನಶಾಸ್ತ್ರದವಳು. ಮೊದಲ ಅರ್ಧ ಗಂಟೆ ನಮ್ಮಿಬ್ಬರಿಗೂ ಮಾತೇ ಹೊರಡಲಿಲ್ಲ. ರಜೆಯಲ್ಲಿ ದಿನಾ ಸಂದೇಶ ಕಳಿಸಿಕೊಳ್ಳುತ್ತಿದ್ದವರು ಎದುರು ಬಂದಾಗ "ಬಸ್ಸಿನಲ್ಲಿ ಸೀಟು ಸಿಕ್ಕಿತಾ?" ಎಂಬಷ್ಟಕ್ಕೆ ನಿಂತೆವು. ಅವಳು ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು, ಅದನ್ನು ನಾನು ಹೇಳಬೇಕೆಂದು ಕಾಯುತ್ತಿದ್ದಳು. ಹೇಳಿದೆ. ಆಮೇಲೆ ಕಪಾಟಿನ ಮೇಲಿನ ಅರೆ ಯಾರದ್ದು ಎಂಬ ಹಳೆಯ ಜಗಳ ಎದ್ದಿತು, ಎಲ್ಲ ಸರಿಹೋಯಿತು.

ಓದಿದ್ದೆಲ್ಲ ಮರೆತುಹೋಗಿದೆ ಎಂಬ ಗೋಳು ಮಾತ್ರ ಇಡೀ ಹಾಸ್ಟೆಲಿನದ್ದು. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ತಾನೇ ಮತ್ತೆ ಕಲಿತು, 1885ರಲ್ಲಿ ಲೆಕ್ಕ ಪ್ರಕಟಿಸಿದ. ಅವನು ಅಳೆದದ್ದು ನೆನಪಿನಲ್ಲಿ ಎಷ್ಟು ಉಳಿಯಿತು ಎಂದಲ್ಲ, ಎರಡನೆಯ ಸಲ ಕಲಿಯುವಾಗ ಎಷ್ಟು ಹೊತ್ತು ಉಳಿತಾಯವಾಯಿತು ಎಂದು. ಒಂದು ದಿನದ ನಂತರ ಉಳಿತಾಯ ಮೂರರಲ್ಲೊಂದು ಪಾಲು. ಆರು ದಿನಕ್ಕೆ ಸುಮಾರು ಶೇ. 25. ಒಂದು ತಿಂಗಳಿಗೆ ಶೇ. 21. ಕೊನೆಯ ಎರಡು ಸಂಖ್ಯೆಗಳನ್ನು ನೋಡಿ: ಬೀಳಬೇಕಾದದ್ದೆಲ್ಲ ಮೊದಲ ದಿನವೇ ಬಿದ್ದಿದೆ, ಮುಂದಿನ ವಾರಗಳಲ್ಲಿ ನಷ್ಟ ಚಿಲ್ಲರೆ. ಪರೀಕ್ಷೆ ಮುಗಿದ ವಾರದಲ್ಲಿ ಆದ ಹಾನಿಗೆ ಇಡೀ ಬೇಸಿಗೆಯನ್ನು ಬೈಯುವುದು ನ್ಯಾಯವಲ್ಲ. ಅವನದ್ದು ಅರ್ಥವಿಲ್ಲದ ಉಚ್ಚಾರ, ನಮ್ಮದು ಅರ್ಥವಿರುವ ಪಾಠ, ಹೋಲಿಸುವುದು ಹೇಗೆ ಎಂದು ರೂಮ್‌ಮೇಟ್ ಆಕ್ಷೇಪಿಸಿದಳು. ಕಳೆದ ಸೆಮಿಸ್ಟರಿನ ಕೆಲವು ಪಾಠಗಳ ಬಗ್ಗೆ ಆ ವ್ಯತ್ಯಾಸ ಅಷ್ಟು ಖಚಿತವಲ್ಲ ಎಂದೆ.

ಪರೀಕ್ಷಿಸಿಯೇ ನೋಡೋಣ ಎಂದು ಹಳೆಯ ನೋಟ್‌ಬುಕ್ ತೆಗೆದೆ. ಉಷ್ಣವಹನದ ಸಮೀಕರಣ ಇತ್ತು, ನನ್ನ ಕೈಬರಹದಲ್ಲೇ, ಯಾರೋ ಬೇರೆಯವರು ಬರೆದಂತೆ. ಮೊದಲ ಎರಡು ಪುಟ ಕಣ್ಣು ಜಾರಿತು. ಮೂರನೆಯ ಪುಟಕ್ಕೆ ಪೆನ್ನು ತಾನೇ ಓಡತೊಡಗಿತು. ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ಒಂದು ಪ್ರಶ್ನೆ ಕಂಡಿತು, ಕೊನೆಯ ತರಗತಿಯಲ್ಲಿ ಮೇಷ್ಟ್ರು ಗಂಟೆ ಹೊಡೆದ ಮೇಲೆ ಕೊಟ್ಟದ್ದು: "ಬೇಸಿಗೆ ನೆಲದೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ?"

ನೆಲದ ಮೇಲ್ಮೈ ವರ್ಷಕ್ಕೊಮ್ಮೆ ಬಿಸಿಯಾಗಿ ತಣಿಯುತ್ತದೆ. ಆ ಏರಿಳಿತ ಅಲೆಯಾಗಿ ಕೆಳಗಿಳಿಯುತ್ತದೆ, ಇಳಿಯುತ್ತಾ ಸಣ್ಣದಾಗುತ್ತದೆ, ತಡವೂ ಆಗುತ್ತದೆ. ಸಾಧಾರಣ ಮಣ್ಣಿನ ಗುಣ ಇಟ್ಟು ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು 26 ದಿನ ತಡ. ಏಳು ಮೀಟರ್ ಇಳಿದರೆ ಅರ್ಧ ವರ್ಷ. ಮೇಲೆ ಚಳಿಗಾಲ ನಡೆಯುತ್ತಿರುವಾಗ ಅಲ್ಲಿ ಬೇಸಿಗೆ, ತೀರಾ ಕ್ಷೀಣ ಬೇಸಿಗೆ: ಮೇಲ್ಮೈಯಲ್ಲಿ 20 ಡಿಗ್ರಿ ಏರಿಳಿತವಿದ್ದರೆ ಅಲ್ಲಿ ಒಂದು ಡಿಗ್ರಿಗೂ ಕಡಿಮೆ. ಹಗಲು ರಾತ್ರಿಯ ಅಲೆಯೂ ಇಳಿಯುತ್ತದೆ, ಅದಕ್ಕೆ ಶಕ್ತಿ ಸಾಲದು. ವರ್ಷದ ಅಲೆ ಅದಕ್ಕಿಂತ 19 ಪಟ್ಟು ಆಳಕ್ಕೆ ಹೋಗುತ್ತದೆ, 365ರ ವರ್ಗಮೂಲದಷ್ಟು. ಆ 19 ಉತ್ತರವಾಗಿ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಪ್ಯಾರಿಸ್ ವೀಕ್ಷಣಾಲಯದ ಕೆಳಗೆ 28 ಮೀಟರ್ ಆಳದ ನೆಲಮಾಳಿಗೆಯಲ್ಲಿ ತಾಪಮಾನ ವರ್ಷವಿಡೀ ಬದಲಾಗುವುದೇ ಇಲ್ಲ ಎಂದು ಹದಿನೆಂಟನೆಯ ಶತಮಾನದಲ್ಲೇ ಥರ್ಮಾಮೀಟರ್ ಇಟ್ಟು ನೋಡಿದ್ದರು. ಕಾರಣ ನನ್ನ ನೋಟ್‌ಬುಕ್ಕಿನ ಅದೇ ಪುಟದಲ್ಲಿದೆ.

ಈ ಗಣಿತ ಕೊಟ್ಟ ಫ್ರಾನ್ಸಿನ ಜೋಸೆಫ್ ಫೂರಿಯೆ 1807ರಲ್ಲಿ ತನ್ನ ಪ್ರಬಂಧ ಒಪ್ಪಿಸಿದಾಗ ಪರಿಶೀಲಿಸಿದವರಲ್ಲಿ ಆ ಕಾಲದ ದೊಡ್ಡ ಗಣಿತಜ್ಞರಾದ ಲಗ್ರಾಂಜ್, ಲಪ್ಲಾಸ್ ಇದ್ದರು. ಲಗ್ರಾಂಜ್ ಒಪ್ಪಲಿಲ್ಲ. ಕೊನೆಗೆ ಪುಸ್ತಕವಾಗಿ ಬಂದದ್ದು 1822ರಲ್ಲಿ. ಅದಕ್ಕೂ ಮೊದಲು ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿಬಂದಿದ್ದ ಫೂರಿಯೆ ಆಮೇಲೆ ಬೇಸಿಗೆಯಲ್ಲೂ ಬೆಚ್ಚನೆಯ ಬಟ್ಟೆ ಹೊದ್ದು, ಕೋಣೆಯನ್ನು ಸುಡುವಂತೆ ಇಟ್ಟುಕೊಳ್ಳುತ್ತಿದ್ದ ಎಂದು ಹೇಳುತ್ತಾರೆ. ನಿಜವೋ ಕಟ್ಟುಕಥೆಯೋ, ಶಾಖದ ಮನುಷ್ಯನಿಗೆ ಒಪ್ಪುವ ಕಥೆ.

"ಹಾಗಾದರೆ ನಿನ್ನೊಳಗೂ ರಜೆ ಇನ್ನೂ ಕೆಳಗಿಳಿಯುತ್ತಿದೆ ಅನ್ನು" ಎಂದಳು ರೂಮ್‌ಮೇಟ್.

ನಾನು ಮಣ್ಣಲ್ಲ ಎಂದೆ. ಈ ರೀತಿಯ ಮಾತು ನನಗೆ ಆಗುವುದಿಲ್ಲ. ಒಳ್ಳೆಯ ಸಮೀಕರಣವೊಂದು ಸಿಕ್ಕ ಕೂಡಲೇ ಅದನ್ನು ಮನಸ್ಸಿಗೆ ಅಂಟಿಸುವುದು. ಆದರೂ ಒಂದು ಮಾತು ಒಪ್ಪುತ್ತೇನೆ. ನಲ್ಲಿ, ನಿದ್ದೆ, ಗೆಳೆತನ, ಗಣಿತ, ಯಾವುದೂ ಕ್ಯಾಲೆಂಡರ್ ಹೇಳಿದ ದಿನ ಶುರುವಾಗಲಿಲ್ಲ. ಒಂದೊಂದಕ್ಕೂ ಅದರದೇ ತಡವಿತ್ತು. ಸೆಮಿಸ್ಟರಿನ ಮೊದಲ ವಾರದಲ್ಲೇ ಎಲ್ಲರೂ ತಯಾರಾಗಿರಬೇಕೆಂದು ಗದರುವವರು ಆ ತಡಕ್ಕೆ ಒಂದು ಅಂಕಣ ಇಡುವುದು ಒಳ್ಳೆಯದು.

ಅವಳ ಇನ್ನೊಂದು ಪ್ರಶ್ನೆ ಹೆಚ್ಚು ತೂಕದ್ದು: "ಮಳೆ ಬಂದರೆ?" ಒದ್ದೆ ಮಣ್ಣು ಶಾಖವನ್ನು ಬೇರೆ ಥರ ಸಾಗಿಸುತ್ತದೆ, ಇಂಗುವ ನೀರು ತಾನೂ ಒಂದಿಷ್ಟು ಶಾಖ ಹೊತ್ತೊಯ್ಯುತ್ತದೆ. ನನ್ನ ಲೆಕ್ಕದಲ್ಲಿ ಮಳೆಯೇ ಇಲ್ಲ. ಅಳೆದೇ ನೋಡಬೇಕು. ಲ್ಯಾಬಿನಲ್ಲಿ ಕೇಳಿ, ರಿಜಿಸ್ಟರಿಗೆ ಸಹಿ ಹಾಕಿ, ನೀರು ಒಳಹೋಗದ ಕವಚವಿರುವ ಎರಡು ಸೆನ್ಸರುಗಳನ್ನು ಪಡೆದೆವು.

ಅಗೆಯಲು ಹೊರಟಾಗ ಮಾಲಿ ತಡೆದರು. ಹಾಸ್ಟೆಲಿನ ಹಿಂದಿನ ಮಣ್ಣಿನ ಒಂದು ಹಿಡಿಯೂ ಅವರ ಒಪ್ಪಿಗೆಯಿಲ್ಲದೆ ಅಲುಗಾಡುವಂತಿಲ್ಲ. "ಏನಮ್ಮಾ, ಓದುವುದು ಬಿಟ್ಟು ಗುಂಡಿ ತೋಡುತ್ತೀರಾ?" ಎಂದರು. ಬೇಸಿಗೆ ನೆಲದೊಳಗೆ ಎಷ್ಟು ದಿನ ಇರುತ್ತದೆ ಎಂದು ನೋಡಬೇಕು ಎಂದೆ. ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮೇಲೆ ತಂಪಾದ ಮೇಲೂ ಕೆಳಗಿನ ಮಣ್ಣು ಕೈಗೆ ಬೆಚ್ಚಗಿರುತ್ತದೆ, ಗಿಡ ಕಿತ್ತು ನೆಡುವಾಗ ಗೊತ್ತಾಗುವುದಿಲ್ಲವೇ ಎಂದು ಮರುಪ್ರಶ್ನೆ ಹಾಕಿದರು. ನೀರಿನ ಟ್ಯಾಂಕಿನ ಹಿಂದೆ ಜಾಗ ತೋರಿಸಿದರು, ದಾಸವಾಳದ ಬೇರಿನಿಂದ ದೂರ. ಒಂದು ಮೀಟರ್ ಬೇಕು ಎಂದು ಕೇಳಿದ್ದಕ್ಕೆ ನಕ್ಕು, "ಒಂದೂವರೆ ಅಡಿಗೆ ಬಂಡೆ ಸಿಗುತ್ತದೆ" ಎಂದರು.

ಒಂದೂವರೆ ಅಡಿ ಎಂದರೆ ಸುಮಾರು 45 ಸೆಂಟಿಮೀಟರ್. ಅಲ್ಲಿ ಬೇಸಿಗೆ ಹನ್ನೆರಡು ದಿನ ತಡವಾಗಿ ತಲುಪಬೇಕು, ಹಗಲು ರಾತ್ರಿಯ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿರಬೇಕು. ಹಾಗಾಗಿ ದಿನಕ್ಕೊಂದೇ ಸಲ ಸೆನ್ಸರಿನ ಅಳತೆ ಬರೆದರೂ ಸಾಕು. ಬೆಳಿಗ್ಗೆ ಬೇಡ, ಸಂಜೆ ಬರೆಯೋಣ ಎಂದು ಇಬ್ಬರೂ ಕೂಡಲೇ ಒಪ್ಪಿದೆವು. ನಾಳೆ ಲ್ಯಾಬ್ ಮುಗಿದ ಮೇಲೆ ಕೆಲಸ ಶುರು. ಹಾರೆ ಕೊಡುವುದು ಮಾಲಿ, ಅಗೆಯುವುದು ನಾವು, ಗುಂಡಿ ಮುಚ್ಚುವಾಗ ಅವರೇ ಎದುರಿಗೆ ನಿಂತಿರಬೇಕು ಎಂಬುದು ಅವರ ಷರತ್ತು.